ಸ್ಟೋನ್‌ಹೆಂಜ್, ಏವ್‌ಬರಿ, ಕ್ಯಾಸಲ್‌ರಿಗ್: ಪೂಜೆಯ ಜಾಗ ಅನಿಸುವುದು ಯಾವುದು?

ಇಂಗ್ಲೆಂಡಿಗೆ ಬರುವ ನೆಂಟರು ಸ್ಟೋನ್‌ಹೆಂಜ್ ನೋಡದೆ ವಾಪಸ್ ಹೋಗುವುದಿಲ್ಲ. ನೋಡಿ ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ ಮಾತು: ಅಲ್ಲಿ ನಿಜವಾಗಿ ಪೂಜೆ ನಡೀತಿತ್ತಾ? ನನಗೂ ಈ ಪ್ರಶ್ನೆ ಬಿಟ್ಟಿಲ್ಲ. ಅದನ್ನೇ ತಲೆಯಲ್ಲಿಟ್ಟುಕೊಂಡು ಸ್ಟೋನ್‌ಹೆಂಜ್ ಸೇರಿ ಇಲ್ಲಿನ ಮೂರು ಪುರಾತನ ಕಲ್ಲಿನ ವೃತ್ತಗಳನ್ನು ಬೇರೆ ಬೇರೆ ಕಾಲದಲ್ಲಿ ಸುತ್ತಿದ್ದೇನೆ. ಯಾವುದರಲ್ಲಿ ಫೋಟೋ ಚೆನ್ನಾಗಿ ಬರುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಯಾವ ಜಾಗದಲ್ಲಿ ಈ ಪ್ರಶ್ನೆಗೆ ಉತ್ತರ ಹತ್ತಿರವಾಗುತ್ತದೆ ಅನ್ನುವುದಷ್ಟೇ ನನ್ನ ಹೋಲಿಕೆ.

ಮೊದಲು ಡ್ರೂಯಿಡರ, ಅಂದರೆ ಹಳೆಯ ಬ್ರಿಟನ್ನಿನ ಪುರೋಹಿತರ, ವಿಷಯ ಮುಗಿಸಿಬಿಡೋಣ. ಈ ಕಲ್ಲುಗಳನ್ನು ಡ್ರೂಯಿಡ್ ಪುರೋಹಿತರೇ ನಿಲ್ಲಿಸಿದರು ಅಂತ ಈಗಲೂ ತುಂಬಾ ಜನ ನಂಬುತ್ತಾರೆ. 17ನೇ ಶತಮಾನದಲ್ಲಿ ಹಳೆಯ ಅವಶೇಷಗಳ ಅಧ್ಯಯನ ಮಾಡುತ್ತಿದ್ದ ಜಾನ್ ಆಬ್ರಿ ಹಾಗೆ ಊಹಿಸಿದ. 18ನೇ ಶತಮಾನದಲ್ಲಿ ವಿಲಿಯಂ ಸ್ಟೂಕ್ಲಿ ಅದನ್ನು ಎಲ್ಲ ಕಡೆ ಹಬ್ಬಿಸಿದ. ಆದರೆ ಸ್ಟೋನ್‌ಹೆಂಜಿನ ದೊಡ್ಡ ಕಲ್ಲುಗಳು ಎದ್ದು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ. ಡ್ರೂಯಿಡರ ಬಗ್ಗೆ ಜೂಲಿಯಸ್ ಸೀಸರ್ ಬರೆದದ್ದು ಕ್ರಿ.ಪೂ. 1ನೇ ಶತಮಾನದಲ್ಲಿ. ನಡುವೆ ಎರಡು ಸಾವಿರಕ್ಕೂ ಜಾಸ್ತಿ ವರ್ಷ ಇದೆ. ಹಾಗಾಗಿ ಕಟ್ಟಿದವರು ಅವರಲ್ಲ. ಇವತ್ತು ಬಿಳಿ ನಿಲುವಂಗಿ ತೊಟ್ಟು ಬರುವ ಡ್ರೂಯಿಡರ ಪಂಗಡಗಳು ಕಳೆದ ಎರಡು-ಮೂರು ಶತಮಾನಗಳಲ್ಲಿ ಹುಟ್ಟಿದವು. ಹಾಗಂತ ಅವರ ಭಕ್ತಿ ಸುಳ್ಳು ಅಂತ ಯಾರೂ ಹೇಳಬಾರದು. ಈ ಜಾಗಗಳಿಗೆ ಇವತ್ತು ದೇವರ ಜಾಗದ ಮರ್ಯಾದೆ ಕೊಡುತ್ತಿರುವವರೇ ಅವರು.

ಸಾಕ್ಷಿ ಅಂತ ನೋಡಿದರೆ ಸ್ಟೋನ್‌ಹೆಂಜ್‌ಗೆ ಸಾಟಿ ಇಲ್ಲ. ಕ್ರಿ.ಪೂ. 3000ದ ಸುಮಾರಿಗೆ ಇಲ್ಲಿ ದುಂಡನೆಯ ಕಂದಕ ತೋಡಿದರು. ಅದರೊಳಗೆ 56 ಗುಂಡಿಗಳು. ಅವುಗಳಲ್ಲಿಯೂ ಸುತ್ತಮುತ್ತಲೂ ಸುಟ್ಟ ಮನುಷ್ಯರ ಮೂಳೆ ಸಿಕ್ಕಿವೆ. ಅಂದರೆ ದೊಡ್ಡ ಕಲ್ಲು ಬರುವುದಕ್ಕೆ ಮುಂಚೆಯೇ ಇದು ಸತ್ತವರನ್ನು ಇಡುವ ಜಾಗವಾಗಿತ್ತು. ಸಣ್ಣ ನೀಲಿಗಲ್ಲುಗಳನ್ನು ತಂದದ್ದು ಸುಮಾರು 240 ಕಿ.ಮೀ. ದೂರದ ವೇಲ್ಸ್‌ನ ಪ್ರೆಸೆಲಿ ಗುಡ್ಡಗಳಿಂದ. ನಡುವೆ ಬಿದ್ದಿರುವ ‘ಆಲ್ಟರ್ ಸ್ಟೋನ್’ ಈಶಾನ್ಯ ಸ್ಕಾಟ್‌ಲೆಂಡಿನದು ಅಂತ 2024ರಲ್ಲಿ ಗೊತ್ತಾಯಿತು. ಬರೀ ಮನೆ ಕಟ್ಟಲು ಯಾರೂ ಅಷ್ಟು ದೂರದಿಂದ ಕಲ್ಲು ಎಳೆದು ತರುವುದಿಲ್ಲ, ಅಲ್ವಾ?

ಸೂರ್ಯನ ಲೆಕ್ಕವೂ ಇದೆ. ವರ್ಷದ ಅತಿ ಉದ್ದದ ಹಗಲಿನಂದು ಸೂರ್ಯ ಹುಟ್ಟುವ ದಿಕ್ಕಿಗೂ, ಅತಿ ಚಿಕ್ಕ ಹಗಲಿನಂದು ಮುಳುಗುವ ದಿಕ್ಕಿಗೂ ಈ ವೃತ್ತದ ನಡುಗೆರೆ ಹೊಂದುತ್ತದೆ. ಹತ್ತಿರದಲ್ಲೇ ಡರಿಂಗ್ಟನ್ ವಾಲ್ಸ್ ಅನ್ನುವ ಅದೇ ಕಾಲದ ಊರಿನ ಜಾಗದಲ್ಲಿ ಹಂದಿಗಳ ಮೂಳೆ ರಾಶಿರಾಶಿ ಸಿಕ್ಕಿವೆ. ಎಷ್ಟೋ ಹಂದಿಗಳನ್ನು ಸುಮಾರು ಒಂಬತ್ತು ತಿಂಗಳಿಗೇ ಕಡಿದಿದ್ದಾರೆ. ವಸಂತದಲ್ಲಿ ಹುಟ್ಟಿದ ಮರಿ ಅಂದರೆ ಚಳಿಗಾಲದ ನಟ್ಟನಡುವೆ ಊಟಕ್ಕೆ ಬಂದಂತಾಯಿತು. ನನಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ಕಾಣುವುದಿಲ್ಲ. ಹಬ್ಬ ಇತ್ತು, ಹಬ್ಬಕ್ಕೆ ದಿನ ಗೊತ್ತಿತ್ತು, ಜನ ದೂರದೂರದಿಂದ ಬಂದಿದ್ದರು.

ಆದರೆ ಸಾಮಾನ್ಯ ಟಿಕೆಟ್ ತೆಗೆದುಕೊಂಡು ಹೋದರೆ ಇದ್ಯಾವುದೂ ಮೈಗೆ ತಾಕುವುದಿಲ್ಲ. ಇಪ್ಪತ್ತು ಪೌಂಡಿಗಿಂತ ಜಾಸ್ತಿ ಕೊಟ್ಟು, ವಿಸಿಟರ್ ಸೆಂಟರಿನಿಂದ ಬಸ್ ಹತ್ತಿ, ಹಗ್ಗದ ಆಚೆಯಿಂದ ಒಂದು ಸುತ್ತು ಬರಬೇಕು. ಒಳಗೆ ಹೋಗುವಂತಿಲ್ಲ. ಪಕ್ಕದ ಎ303 ರಸ್ತೆಯ ಲಾರಿ ಸದ್ದು ಬಿಡುವುದಿಲ್ಲ. ಹಗ್ಗದ ಹೊರಗಿನಿಂದಲೂ ನೋಡಲೇಬೇಕಾದದ್ದು ಒಂದಿದೆ. ಎಲ್ಲಕ್ಕಿಂತ ಎತ್ತರದ ಕಲ್ಲಿನ ನೆತ್ತಿಯ ಮೇಲೆ ಮುಷ್ಟಿಯಂತೆ ಒಂದು ಗುಂಡನೆಯ ಉಬ್ಬು ಇದೆ. ಅದರ ಮೇಲಿದ್ದ ಅಡ್ಡಕಲ್ಲು ಬಿದ್ದುಹೋಗಿರುವುದರಿಂದ ಆ ಉಬ್ಬು ಆಕಾಶಕ್ಕೆ ಎದ್ದು ಕಾಣುತ್ತದೆ. ಅಡ್ಡಕಲ್ಲಿನಲ್ಲಿ ಅದು ಕೂರಲು ಗುಳಿ ಕೊರೆದಿದ್ದರು. ಮರಗೆಲಸದ ಜೋಡಣೆಯನ್ನು ಕಲ್ಲಿನಲ್ಲಿ, ಕಲ್ಲಿನಿಂದಲೇ ಕುಟ್ಟಿಕುಟ್ಟಿ ಮಾಡಿದ್ದಾರೆ. ಆ ಕೆಲಸದ ಹಿಂದಿನ ಹಟ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಜೂನ್‌ನಲ್ಲಿ ಬರುವ ಆ ಅತಿ ಉದ್ದದ ಹಗಲಿನ ದಿನ ಮಾತ್ರ ಕಥೆಯೇ ಬೇರೆ. 2000ದಿಂದ ಈ ಜಾಗ ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಆ ರಾತ್ರಿ ಎಲ್ಲರನ್ನೂ ಉಚಿತವಾಗಿ ಕಲ್ಲುಗಳ ನಡುವೆ ಬಿಡುತ್ತದೆ. ಡೋಲು, ಹಾಡು, ನಿದ್ದೆಗೆಟ್ಟ ಮಕ್ಕಳು, ಕೊಂಬು ಊದುವ ಪೇಗನ್ನರು (ಪ್ರಕೃತಿಯನ್ನು ಪೂಜಿಸುವವರು), ಸುಮ್ನೆ ನೋಡಲು ಬಂದ ನಮ್ಮಂಥವರು. ನಾನು ಹೋದಾಗ ಮೋಡ ಕವಿದು ಸೂರ್ಯ ಕಾಣಲೇ ಇಲ್ಲ. ಆದರೂ ಬೆಳಗಿನ ಐದರ ಹೊತ್ತಿಗೆ ಎಲ್ಲರೂ ಒಂದೇ ದಿಕ್ಕಿಗೆ ತಿರುಗಿದರು. ಕಲ್ಲುಗಳೇ ಜನರನ್ನು ತಿರುಗಿಸುತ್ತವೆ ಅಂತ ಆಗ ಗೊತ್ತಾಯಿತು. ಟಿಕೆಟ್ಟಿನ ದಿನ ಇದು ಹೊಳೆಯುವುದೇ ಇಲ್ಲ.

ಸ್ಟೋನ್‌ಹೆಂಜಿನಿಂದ ಉತ್ತರಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ ಏವ್‌ಬರಿ. ನನ್ನ ಓಟು ಇದಕ್ಕೆ. ಪ್ರಪಂಚದಲ್ಲೇ ಅತಿ ದೊಡ್ಡ ಕಲ್ಲಿನ ವೃತ್ತ ಇದು. ಅಡ್ಡಳತೆ ಸುಮಾರು 330 ಮೀಟರ್. ಒಳಗೆ ಊರೇ ಇದೆ, ಪಬ್ ಇದೆ, ನಡುವೆ ಟಾರು ರಸ್ತೆ ಇದೆ. ಪ್ರವೇಶಕ್ಕೆ ದುಡ್ಡಿಲ್ಲ, ಪಾರ್ಕಿಂಗಿಗೆ ಮಾತ್ರ. ಕುರಿಗಳು ಕಲ್ಲಿಗೆ ಮೈ ಉಜ್ಜುತ್ತಾ ಮೇಯುತ್ತಿರುತ್ತವೆ. ನೀವೂ ಹೋಗಿ ಕಲ್ಲಿಗೆ ಕೈಯಿಡಬಹುದು. ಬೂದು ಕಲ್ಲಿನ ಮೇಲೆ ಹಳದಿ, ಬಿಳಿ ಕಲ್ಲುಹೂವು ಪದರಪದರವಾಗಿ ಬೆಳೆದಿದೆ. ಮಳೆ ಬಂದ ಮಾರನೆಯ ದಿನವೂ ಗುಳಿಗಳಲ್ಲಿ ನೀರು ನಿಂತಿರುತ್ತದೆ.

ಇಲ್ಲಿ ನನಗೆ ದೊಡ್ಡ ಸುಳಿವು ಕೊಟ್ಟಿದ್ದು ಕಂದಕ. ಅದು ಮೊದಲು ಒಂಬತ್ತು ಮೀಟರಿನಷ್ಟು ಆಳವಿತ್ತು, ತೋಡಿದ್ದು ಜಿಂಕೆ ಕೊಂಬಿನಿಂದ. ಚಿತ್ರದುರ್ಗದ ಕೋಟೆ ನೋಡಿದವರಿಗೆ ಕಂದಕ ಗೋಡೆಯ ಹೊರಗಿರಬೇಕು ಅಂತ ಗೊತ್ತು. ಇಲ್ಲಿ ಮಣ್ಣಿನ ದಿಣ್ಣೆ ಹೊರಗೆ, ಕಂದಕ ಒಳಗೆ. ಶತ್ರುವನ್ನು ತಡೆಯಲು ಯಾರೂ ಹೀಗೆ ತೋಡುವುದಿಲ್ಲ. ಒಳಗಿನದು ಬೇರೆ, ಹೊರಗಿನದು ಬೇರೆ ಅಂತ ಗೆರೆ ಎಳೆದ ಹಾಗಿದೆ. ದಿಣ್ಣೆ ಹತ್ತಿ ನಿಂತರೆ ಒಳಗೆ ನಡೆಯುವುದೆಲ್ಲ ಕಾಣುತ್ತದೆ, ಆದರೆ ಇಳಿದು ಹೋಗಲಾಗುವುದಿಲ್ಲ. ಒಳಗೆ ಯಾರು ಹೋಗಬಹುದಿತ್ತು, ಯಾರು ದಿಣ್ಣೆಯ ಮೇಲೇ ನಿಲ್ಲಬೇಕಿತ್ತು? ನನ್ನ ತಲೆ ಅಲ್ಲಿಗೇ ಓಡುತ್ತದೆ.

ತೆಂಕಣ ಬಾಗಿಲಿನಿಂದ ಹೊರಟ ವೆಸ್ಟ್ ಕೆನೆಟ್ ಅವೆನ್ಯೂ ಅಂತೂ ತಪ್ಪದೆ ನಡೆಯಬೇಕಾದ ದಾರಿ. ಎರಡೂ ಬದಿ ಜೋಡಿಜೋಡಿ ಕಲ್ಲು. ಒಂದು ಉದ್ದ, ಎದುರಿನದು ಅಗಲ, ಎಷ್ಟೋ ಜೋಡಿಗಳಲ್ಲಿ ಹೀಗೇ. ಗಂಡು-ಹೆಣ್ಣು ಅಂತ ಕೆಲವರು ಹೇಳುತ್ತಾರೆ. ಅದು ಊಹೆ, ನಾನು ಪೂರ್ತಿ ಒಪ್ಪಿಲ್ಲ. ಆದರೆ ಊರಿನ ಕಡೆಗೆ ಆ ದಾರಿಯಲ್ಲಿ ನಡೆದು ಬಂದರೆ ವೃತ್ತ ತಕ್ಷಣ ಕಾಣುವುದಿಲ್ಲ. ದಾರಿ ತಿರುಗುತ್ತದೆ, ಆಮೇಲೆ ದಿಣ್ಣೆ ಕಾಣುತ್ತದೆ, ಕೊನೆಗೆ ಕಲ್ಲು. ಮೆರವಣಿಗೆಗೆ ಅಂತಲೇ ಮಾಡಿದ ದಾರಿ ಇದು ಅಂತ ನನ್ನ ಕಾಲಿಗೆ ಅನಿಸಿತು. ಸ್ಟೋನ್‌ಹೆಂಜಿಗೂ ಅವೆನ್ಯೂ ಇದೆ, ಆದರೆ ಬಸ್ಸಿನಲ್ಲಿ ಬಂದಿಳಿದವರಿಗೆ ಅದು ಹುಲ್ಲುಗಾವಲು ಅಷ್ಟೇ.

ಏವ್‌ಬರಿಗೂ ಕೊರತೆ ಇದೆ. ಸೂರ್ಯನ ದಿಕ್ಕಿನ ಲೆಕ್ಕ ಅಷ್ಟು ಸ್ಪಷ್ಟವಾಗಿಲ್ಲ. ಕಲ್ಲುಗಳೂ ಪೂರ್ತಿ ಉಳಿದಿಲ್ಲ. 14ನೇ ಶತಮಾನದ ಹೊತ್ತಿಗೆ ಹಲವನ್ನು ಹೂತರು. ಆಮೇಲಿನವರು ಬೆಂಕಿಯಲ್ಲಿ ಕಾಯಿಸಿ, ತಣ್ಣೀರು ಹೊಯ್ದು ಒಡೆದು ಮನೆ ಕಟ್ಟಿಕೊಂಡರು. 1930ರ ದಶಕದಲ್ಲಿ ಮಾರ್ಮಲೇಡ್ ಕಂಪನಿಯ ವಾರಸುದಾರ ಅಲೆಕ್ಸಾಂಡರ್ ಕೀಲರ್ ಹೂತಿದ್ದನ್ನು ಎತ್ತಿ ನಿಲ್ಲಿಸಿದ, ಇಲ್ಲದ ಕಡೆ ಕಾಂಕ್ರೀಟ್ ಗುರುತು ನೆಟ್ಟ. ಹಾಗಾಗಿ ಈಗ ಕಾಣುವುದರಲ್ಲಿ ಕೀಲರ್ ಕೈ ಎಷ್ಟು ಅಂತ ನೆನಪಿಟ್ಟುಕೊಂಡು ನೋಡಬೇಕು.

ಮೂರನೆಯದು ಕ್ಯಾಸಲ್‌ರಿಗ್, ಉತ್ತರ ಇಂಗ್ಲೆಂಡಿನ ಕೆಸ್ವಿಕ್ ಊರಿನ ಹತ್ತಿರ. 38 ಕಲ್ಲು, ಅಡ್ಡಳತೆ ಸುಮಾರು 30 ಮೀಟರ್, ಸುತ್ತಲೂ ಬೆಟ್ಟ. ಚೆಲುವು ನೋಡಿದರೆ ಮೂರರಲ್ಲೂ ಇದೇ ಮೇಲು. ಆದರೆ ಅಗೆತ ಕಡಿಮೆ ಆಗಿದೆ, ಪೂಜೆಯ ಸಾಕ್ಷಿಯೂ ಕಡಿಮೆ. ಇಲ್ಲಿ ಕಲ್ಲಿನ ಕೊಡಲಿಗಳು ಸಿಕ್ಕಿವೆ. ಲ್ಯಾಂಗ್‌ಡೇಲ್ ಬೆಟ್ಟದಲ್ಲಿ ಮಾಡುತ್ತಿದ್ದ ಕೊಡಲಿಗಳನ್ನು ಕೊಟ್ಟು-ತೆಗೆದುಕೊಳ್ಳುವ ಸಂತೆ ಇದಾಗಿತ್ತು ಅನ್ನುವವರಿದ್ದಾರೆ. ಜಾತ್ರೆಯೂ ಸಂತೆಯೂ ಒಟ್ಟಿಗೆ ನಡೆಯುವುದನ್ನು ಕಂಡವರಿಗೆ ಇದರಲ್ಲಿ ಒಂದನ್ನೇ ಆರಿಸಬೇಕು ಅನಿಸುವುದಿಲ್ಲ.

ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಕಲ್ಲಿನ ವೃತ್ತಗಳಿವೆ ಅಂತ ಕೆಲವರು ಕೇಳುತ್ತಾರೆ. ನಿಜ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ವೃತ್ತದೊಳಗೆ ಕಲ್ಲುಚಪ್ಪಡಿಯ ಪೆಟ್ಟಿಗೆಯಲ್ಲಿ ಮೂಳೆ, ಮಡಕೆ, ಕಬ್ಬಿಣದ ಸಾಮಾನು ಸಿಕ್ಕವು. ಅವು ಸಮಾಧಿಗಳು, ಕಾಲವೂ ತುಂಬಾ ಈಚಿನದು. ಆಕಾರ ಒಂದೇ ಅಂತ ಅಲ್ಲಿನ ಉತ್ತರವನ್ನು ಇಲ್ಲಿಗೆ ಹಚ್ಚಲಾಗದು.

ಒಂದೇ ದಿನ ಇದ್ದರೆ ಏವ್‌ಬರಿಗೆ ಹೋಗಿ. ಸ್ವಿಂಡನ್‌ನಿಂದ ಬಸ್ಸಿದೆ. ಅವೆನ್ಯೂ ನಡೆದು, ಹತ್ತಿರದ ವೆಸ್ಟ್ ಕೆನೆಟ್ ಸಮಾಧಿಯ ಒಳಗೂ ಇಣುಕಿ. ಸ್ಟೋನ್‌ಹೆಂಜ್‌ಗೆ ಜೂನ್ ರಾತ್ರಿ ಹೋಗಿ. ಅದು ಆಗದಿದ್ದರೆ ಬಾಗಿಲು ತೆರೆಯುವ ಮುಂಚೆ ಸಣ್ಣ ಗುಂಪನ್ನು ವೃತ್ತದೊಳಗೆ ಬಿಡುವ ಟಿಕೆಟ್ ಸಿಗುತ್ತದೆ, ಮುಂಚಿತವಾಗಿ ಬುಕ್ ಮಾಡಿ. ದುಬಾರಿ, ಆದರೆ ಹಗ್ಗದ ಆಚೆ ನಿಲ್ಲುವುದಕ್ಕಿಂತ ಸಾವಿರ ಪಾಲು ಮೇಲು.