ಪ್ರತಿಸ್ಪರ್ಧಿಯ ಜಾಹೀರಾತನ್ನು ಓದುವ ಸಾಧನ: ನಮ್ಮ ಕರಾವಳಿಯ ಉದ್ಯಮಿಗಳಿಗೆ ಸೆಮ್‌ರಶ್ ಎಷ್ಟು ಉಪಯುಕ್ತ?

ಗೋಕರ್ಣದ ಕುಡ್ಲೆ ತೀರದಲ್ಲಿ ಹೋಮ್‌ಸ್ಟೇ ನಡೆಸುವವರಿಂದ ಹಿಡಿದು, ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಸ್ಕೂಬಾ ಡೈವಿಂಗ್‌ಗೆ ಕರೆದೊಯ್ಯುವವರವರೆಗೆ ಉತ್ತರ ಕನ್ನಡದ ಸಣ್ಣ ಉದ್ಯಮಿಗಳು ಈಗ ಗೂಗಲ್ ಜಾಹೀರಾತಿಗೆ ಹಣ ವಿನಿಯೋಗಿಸುತ್ತಿದ್ದಾರೆ. ಅಂಥ ಕೆಲವರ ಜಾಹೀರಾತು ನೋಡಿಕೊಳ್ಳುವ ನನಗೆ ಎದುರಾಗುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಉಳಿದವರು ಯಾವ ಕೀವರ್ಡ್‌ಗೆ, ಅಂದರೆ ಗೂಗಲ್‌ನಲ್ಲಿ ಜನ ಹುಡುಕುವ ಯಾವ ಪದಕ್ಕೆ, ಹಣ ಕೊಡುತ್ತಿದ್ದಾರೆ, ಏನೆಂದು ಬರೆಯುತ್ತಿದ್ದಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಬಳಸುತ್ತಿರುವ ಸೆಮ್‌ರಶ್ ಎಂಬ ಸಾಧನದ ಬಗ್ಗೆ, ಅದರಲ್ಲೂ ಅದರ ಜಾಹೀರಾತು ಸಂಶೋಧನೆಯ ವಿಭಾಗದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

2008ರಲ್ಲಿ ಆರಂಭವಾದ ಈ ಸೇವೆಯ ಕಾರ್ಯವಿಧಾನವನ್ನು ಮೊದಲು ತಿಳಿದುಕೊಳ್ಳಬೇಕು. ಏಕೆಂದರೆ ಅದರ ಬಲವೂ ಮಿತಿಯೂ ಅಲ್ಲಿಂದಲೇ ಹುಟ್ಟುತ್ತವೆ. ಪ್ರತಿಸ್ಪರ್ಧಿಯ ಗೂಗಲ್ ಖಾತೆಯೊಳಗೆ ಇಣುಕುವ ಯಾವ ದಾರಿಯೂ ಇದಕ್ಕಿಲ್ಲ. ದೇಶವಾರು ಸಂಗ್ರಹಿಸಿಟ್ಟ ಅಪಾರ ಕೀವರ್ಡ್‌ಗಳ ಫಲಿತಾಂಶ ಪುಟಗಳನ್ನು ಆಗಾಗ ಪರಿಶೀಲಿಸಿ, ಅಲ್ಲಿ ಯಾರ ಜಾಹೀರಾತು ಯಾವ ಸ್ಥಾನದಲ್ಲಿ ಕಂಡಿತೆಂಬುದನ್ನು ಇದು ದಾಖಲಿಸಿಕೊಳ್ಳುತ್ತದೆ. ನಾವು ಒಂದು ಜಾಲತಾಣದ ವಿಳಾಸ ಕೊಟ್ಟರೆ, ಆ ದಾಖಲೆಯಿಂದ ಅವರ ಕೀವರ್ಡ್‌ಗಳು, ಜಾಹೀರಾತಿನ ಒಕ್ಕಣೆ, ಕ್ಲಿಕ್ ಮಾಡಿದವರು ತಲುಪುವ ಪುಟ ಇವೆಲ್ಲವನ್ನೂ ಹೊರತೆಗೆದು ತೋರಿಸುತ್ತದೆ. ಭಾರತದ ದತ್ತಾಂಶವೂ ಇದರಲ್ಲಿ ಪ್ರತ್ಯೇಕವಾಗಿ ಲಭ್ಯವಿದೆ.

ನನ್ನ ದೃಷ್ಟಿಯಲ್ಲಿ ಈ ಸಾಧನದ ನಿಜವಾದ ಬೆಲೆಯಿರುವುದು ಜಾಹೀರಾತಿನ ಒಕ್ಕಣೆಯಲ್ಲಿ ಮತ್ತು ಅದು ಎಷ್ಟು ಕಾಲದಿಂದ ಓಡುತ್ತಿದೆ ಎಂಬ ಇತಿಹಾಸದಲ್ಲಿ. ಗೋವಾದ ಡೈವಿಂಗ್ ಸಂಸ್ಥೆಯೊಂದು ತಿಂಗಳಾನುಗಟ್ಟಲೆ ಒಂದೇ ಕೀವರ್ಡ್‌ಗೆ ಒಂದೇ ಬಗೆಯ ಮಾತುಗಳನ್ನು ಉಳಿಸಿಕೊಂಡಿದ್ದರೆ, ಆ ಮಾತುಗಳಿಂದ ಅವರಿಗೆ ಗಿರಾಕಿಗಳು ಬರುತ್ತಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಫಲ ಕೊಡದ ಜಾಹೀರಾತಿಗೆ ಯಾರೂ ಬಹುಕಾಲ ಹಣ ಕಟ್ಟುವುದಿಲ್ಲ. ಈಜು ಬಾರದವರೂ ಬರಬಹುದು, ನೀರಿನೊಳಗಿನ ಫೋಟೊ ದರದಲ್ಲೇ ಸೇರಿದೆ, ದೋಣಿ ಹೊರಡುವ ಸಮಯ ಇಂತಿಷ್ಟು ಎಂಬಂಥ ಖಚಿತ ಮಾಹಿತಿ ಕೊಡುವ ಜಾಹೀರಾತುಗಳನ್ನು ಸಾಲಾಗಿ ಓದುತ್ತ ಹೋದಂತೆ, ‘ಅದ್ಭುತ ಅನುಭವ’ ಎಂದಷ್ಟೇ ಬರೆಯುವ ನಮ್ಮವರ ಜಾಹೀರಾತಿನಲ್ಲಿ ಏನು ಕೊರತೆಯಿದೆ ಎಂಬುದು ತಾನಾಗಿ ಅರಿವಾಗುತ್ತದೆ. ಐದು ಜಾಲತಾಣಗಳವರೆಗೆ ಒಟ್ಟಿಗಿಟ್ಟು ಹೋಲಿಸುವ ಸೌಲಭ್ಯವೂ ಇದೆ. ಉಳಿದವರೆಲ್ಲ ಹಣ ಕೊಡುತ್ತಿದ್ದು ನಾವು ಮಾತ್ರ ಬಿಟ್ಟಿರುವ ಕೀವರ್ಡ್ ಯಾವುದೆಂದು ಅಲ್ಲಿ ತಿಳಿಯುತ್ತದೆ.

ಅಂಕಿಗಳ ವಿಷಯ ಬೇರೆ. ಪ್ರತಿಸ್ಪರ್ಧಿ ತಿಂಗಳಿಗೆ ಇಷ್ಟು ಖರ್ಚು ಮಾಡುತ್ತಾರೆ, ಇಷ್ಟು ಜನ ಅವರ ತಾಣಕ್ಕೆ ಬರುತ್ತಾರೆ ಎಂದು ತೋರಿಸುವ ಸಂಖ್ಯೆಗಳೆಲ್ಲ ಅಂದಾಜು. ನಮ್ಮ ಭಾಗದ ಸಣ್ಣ ವ್ಯವಹಾರಗಳಿಗೆ ಈ ಅಂದಾಜು ಇನ್ನಷ್ಟು ಸಡಿಲ. ಕಾರವಾರದ ದೇವಬಾಗದ ಬಳಿಯ ರೆಸಾರ್ಟ್ ತನ್ನ ಜಾಹೀರಾತನ್ನು ಬೆಂಗಳೂರು ಮತ್ತು ಹುಬ್ಬಳ್ಳಿಗೆ ಮಾತ್ರ ಸೀಮಿತಗೊಳಿಸಿ, ಅದನ್ನೂ ಶುಕ್ರವಾರ ಸಂಜೆ ಮಾತ್ರ ತೋರಿಸುವಂತೆ ಹೊಂದಿಸಿದ್ದರೆ, ಇಡೀ ದೇಶವನ್ನು ಒಂದು ಘಟಕವಾಗಿ ನೋಡುವ ಸಾಧನದ ಕಣ್ಣಿಗೆ ಅದು ಬೀಳದೇ ಹೋಗಬಹುದು. ಆದ್ದರಿಂದ ಶಿರಸಿಯ ಹೋಮ್‌ಸ್ಟೇಯೊಂದರ ಹೆಸರು ಕೊಟ್ಟಾಗ ಬರುವ ಖಾಲಿ ವರದಿಯನ್ನು ಕಂಡು, ಅವರು ಜಾಹೀರಾತು ಕೊಡುತ್ತಿಲ್ಲವೆಂಬ ತೀರ್ಮಾನಕ್ಕೆ ಖಂಡಿತ ಬರಬಾರದು. ದೊಡ್ಡ ಪ್ರವಾಸಿ ಪೋರ್ಟಲ್‌ಗಳ ಮತ್ತು ಗೋವಾದ ದೊಡ್ಡ ಸಂಸ್ಥೆಗಳ ಚಿತ್ರಣ ಮಾತ್ರ ಸಾಕಷ್ಟು ಸ್ಪಷ್ಟವಾಗಿ ಸಿಗುತ್ತದೆ.

ಈ ಕೊರತೆಯನ್ನು ತುಂಬಲು ಗೂಗಲ್ಲೇ 2023ರ ಮಾರ್ಚ್‌ನಲ್ಲಿ ಆರಂಭಿಸಿದ ಜಾಹೀರಾತು ಪಾರದರ್ಶಕತಾ ಕೇಂದ್ರವನ್ನು ಜೊತೆಗಿಟ್ಟುಕೊಳ್ಳುವುದು ಅಗತ್ಯ. ಜಾಹೀರಾತುದಾರರ ಹೆಸರನ್ನೋ ಜಾಲತಾಣವನ್ನೋ ಕೊಟ್ಟರೆ, ದೃಢೀಕೃತ ಜಾಹೀರಾತುದಾರರ ಜಾಹೀರಾತುಗಳು, ಅವು ಕೊನೆಯ ಬಾರಿ ಕಾಣಿಸಿಕೊಂಡ ದಿನಾಂಕದ ಸಮೇತ, ಉಚಿತವಾಗಿ ಸಿಗುತ್ತವೆ. ಯಾವ ಕೀವರ್ಡ್‌ಗೆ ಅವು ಕಾಣಿಸಿಕೊಂಡವು ಎಂಬುದನ್ನು ಮಾತ್ರ ಗೂಗಲ್ ಹೇಳುವುದಿಲ್ಲ. ಹಣ ಕೊಟ್ಟು ಸೆಮ್‌ರಶ್ ಬಳಸುವುದಕ್ಕೆ ಅದೇ ಕಾರಣ.

ಪ್ರತಿಸ್ಪರ್ಧಿಯ ಕೀವರ್ಡ್ ಪಟ್ಟಿ ಕೈಗೆ ಸಿಕ್ಕೊಡನೆ ಅದೇ ಕೀವರ್ಡ್‌ಗೆ ಹೆಚ್ಚು ಬಿಡ್ (ಒಂದು ಕ್ಲಿಕ್‌ಗೆ ಕೊಡಲು ಒಪ್ಪುವ ಮೊತ್ತ) ಇಡುವ ಆತುರವನ್ನು ನಾನು ಬಹಳ ಕಡೆ ನೋಡಿದ್ದೇನೆ. ಯಾರ ಜಾಹೀರಾತು ಎಲ್ಲಿ ಕಾಣಬೇಕೆಂದು ಗೂಗಲ್ ನಡೆಸುವ ಹರಾಜಿನಲ್ಲಿ ಸ್ಥಾನವನ್ನು ನಿರ್ಧರಿಸುವುದು ಬಿಡ್ ಮಾತ್ರವಲ್ಲ. ಜಾಹೀರಾತು ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ, ಕ್ಲಿಕ್ ಆಗುವ ಸಾಧ್ಯತೆ ಎಷ್ಟು, ತಲುಪುವ ಪುಟ ಹೇಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇನ್ನೊಬ್ಬರ ವ್ಯಾಪಾರ ಚಿಹ್ನೆಯನ್ನೇ ಕೀವರ್ಡ್ ಆಗಿ ಬಳಸುವವರು ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಅಂಥ ಬಳಕೆಯಷ್ಟರಿಂದಲೇ ಉಲ್ಲಂಘನೆಯಾಗದಿದ್ದರೂ, ಗ್ರಾಹಕರಲ್ಲಿ ಗೊಂದಲ ಉಂಟಾದರೆ ಅದು ಉಲ್ಲಂಘನೆಯಾಗಬಹುದೆಂದು ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ 2023ರ ಆಗಸ್ಟ್‌ನಲ್ಲಿ ಹೇಳಿದೆ. ಪಕ್ಕದ ಹೋಮ್‌ಸ್ಟೇಯ ಹೆಸರು ಹುಡುಕಿ ಬಂದವರಿಗೆ ಇದೂ ಅದೇ ಎಂಬ ಭ್ರಮೆ ಹುಟ್ಟಿಸುವುದು ಕಾನೂನಿಗೂ ಸಲ್ಲದು, ಒಂದೇ ಊರಿನಲ್ಲಿ ಬಾಳುವವರ ನಡುವಿನ ಮರ್ಯಾದೆಗೂ ಸಲ್ಲದು.

ಇನ್ನು ಬೆಲೆಯ ಮಾತು. ಮಾಸಿಕ ಶುಲ್ಕ ಸಣ್ಣದಲ್ಲ. ಕೆಲವೇ ಕೋಣೆಗಳ ಹೋಮ್‌ಸ್ಟೇಗೆ ಇದನ್ನು ವರ್ಷವಿಡೀ ಭರಿಸುವುದು ವ್ಯರ್ಥ. ಉಚಿತ ಖಾತೆಯಲ್ಲಿ ದಿನಕ್ಕೆ ಕೆಲವೇ ಹುಡುಕಾಟಗಳಿಗೆ ಅವಕಾಶವಿದ್ದರೂ ಒಂದೆರಡು ಪ್ರತಿಸ್ಪರ್ಧಿಗಳ ಅಧ್ಯಯನಕ್ಕೆ ಅದು ಸಾಕಾಗುತ್ತದೆ. ಹೆಚ್ಚಿನ ವಿವರ ಬೇಕಾದವರು ಮಳೆಗಾಲದಲ್ಲಿ ಡೈವಿಂಗ್ ನಿಂತಿರುವಾಗ, ಸೆಪ್ಟೆಂಬರ್ ಹೊತ್ತಿಗೆ ಒಂದು ತಿಂಗಳ ಚಂದಾ ಪಡೆದು, ಕಳೆದ ಸೀಸನ್‌ನ ಜಾಹೀರಾತುಗಳ ಇತಿಹಾಸವನ್ನು ಸಿಗುವಷ್ಟು ಓದಿ, ವರದಿಗಳನ್ನು ಇಳಿಸಿಕೊಂಡು ಚಂದಾ ನಿಲ್ಲಿಸಬಹುದು. ಅಕ್ಟೋಬರ್‌ನಲ್ಲಿ ಪ್ರವಾಸಿಗರು ಬರತೊಡಗುವಷ್ಟರಲ್ಲಿ ತಮ್ಮದೇ ಹೊಸ ಒಕ್ಕಣೆ ಬರೆದುಕೊಳ್ಳಲು ಆಗ ಸಾಕಷ್ಟು ಸಮಯವೂ ಉಳಿಯುತ್ತದೆ.