‘ಮುಕ್ತ ಫರ್ಮ್‌ವೇರ್’ ಎಂದು ಬರೆದ ಕೀಬೋರ್ಡ್ ಕೊಳ್ಳುವವರೇ, ಮೊದಲು ಸೋರ್ಸ್ ಕೋಡ್ ಕೇಳಿ

ಎರಡು ಭಾಗಗಳಾಗಿ ಬರುವ, ತಂತಿಯಿಲ್ಲದ, ಪೆಟ್ಟಿಗೆಯ ಮೇಲೆ ‘ಕ್ಯೂಎಂಕೆ ಆಧಾರಿತ ಮುಕ್ತ ಫರ್ಮ್‌ವೇರ್’ ಎಂದು ಅಚ್ಚಾಗಿರುವ ಕೀಬೋರ್ಡನ್ನು ಯಾರಾದರೂ ತೋರಿಸಿದರೆ, ಹಣ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಇದರ ಸೋರ್ಸ್ ಕೋಡ್ ಎಲ್ಲಿದೆ? ಫರ್ಮ್‌ವೇರ್ ಎಂದರೆ ಕೀಬೋರ್ಡಿನೊಳಗೆ ಓಡುವ ತಂತ್ರಾಂಶ, ಕ್ಯೂಎಂಕೆ ಅಂಥದ್ದೊಂದು ಮುಕ್ತ ತಂತ್ರಾಂಶ, ಸೋರ್ಸ್ ಕೋಡ್ ಅದರ ತಿದ್ದಬಹುದಾದ ಮೂಲ ಬರಹ. ಮಾರುವವನು ತಡವರಿಸಿದರೆ ವ್ಯವಹಾರವನ್ನು ಅಲ್ಲಿಗೇ ಬಿಡಿ. ಈ ಪ್ರಶ್ನೆಯನ್ನು ನಾನೂ ಕೇಳಿದ್ದೆ. ‘ಎಲ್ಲವೂ ಓಪನ್ ಸರ್, ಬೇಕೆಂದಾಗ ಕೊಡುತ್ತೇವೆ’ ಎಂಬ ಉತ್ತರ ಬಂದಿತ್ತು.

ಬೆಳಗಾವಿಯಲ್ಲಿ ಡಿಟಿಪಿ ಕೆಲಸ ಎಂದರೆ ಬೆಳಿಗ್ಗೆ ಕನ್ನಡದ ಕರಪತ್ರ, ಮಧ್ಯಾಹ್ನ ಮರಾಠಿಯ ಲಗ್ನಪತ್ರಿಕೆ. ಶಿಫ್ಟ್ ಒತ್ತಿ ಒತ್ತಿ ಕಿರುಬೆರಳು ಸೋತಿತ್ತು, ಅದಕ್ಕೇ ಮಾರುವವರ ಮಾತು ನಂಬಿ ಇದನ್ನು ಕೊಂಡೆ. ಕ್ಯೂಎಂಕೆಯಲ್ಲಿ ಒಂದೇ ಕೀಲಿಗೆ ಎರಡು ಕೆಲಸ ಕೊಡಬಹುದು: ತಟ್ಟಿದರೆ ಅಕ್ಷರ, ಒತ್ತಿ ಹಿಡಿದರೆ ಶಿಫ್ಟ್. ಈ ಕೀಬೋರ್ಡಿನಲ್ಲಿ ಎಡ ತೋರುಬೆರಳಿನ ‘ಎಫ್’ ಕೀಲಿಗೇ ಶಿಫ್ಟ್ ಕಟ್ಟಿದ್ದರು. ಇಂಗ್ಲಿಷಿಗೆ ಸೊಗಸಾದ ಏರ್ಪಾಡು.

ಕನ್ನಡಕ್ಕೆ ಬಂದಾಗ ಮಾತ್ರ ಕಥೆ ಬೇರೆ. ಕನ್ನಡ ಟೈಪಿಂಗಿನ ಕಗಪ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಬೇಕಾದ ಹಲಂತ (‘ತ್’ನಲ್ಲಿ ಕಾಣುವ ಚಿಹ್ನೆ) ಇರುವುದು ಅದೇ ‘ಎಫ್’ನಲ್ಲಿ. ‘ತ್ತ’ ಬರಬೇಕಾದರೆ ಟಿ, ಎಫ್, ಟಿ ಎಂದು ಒತ್ತಬೇಕು. ಬೆರಳು ಎಫ್ ಮೇಲೆ ಚೂರು ಹೆಚ್ಚು ಹೊತ್ತು ನಿಂತರೆ ಕೀಬೋರ್ಡು ಅದನ್ನು ಶಿಫ್ಟ್ ಎಂದು ತಿಳಿದು ಹಲಂತವನ್ನು ನುಂಗಿ, ಮುಂದಿನ ‘ತ’ವನ್ನು ‘ಥ’ ಮಾಡುತ್ತದೆ. ‘ಬರುತ್ತದೆ’ ಹೋಗಿ ‘ಬರುತಥದೆ’. ಒತ್ತಕ್ಷರವಿಲ್ಲದೆ ಕನ್ನಡದ ಒಂದು ಸಾಲಾದರೂ ಮುಗಿಯುವುದುಂಟೇ? ಕರಡು ತಿದ್ದುವವರು ನನ್ನನ್ನು ಬೈದದ್ದರಲ್ಲಿ ತಪ್ಪೇನೂ ಇಲ್ಲ.

ಮದ್ದು ಸಣ್ಣದು. ತಟ್ಟಿದ್ದೋ ಹಿಡಿದದ್ದೋ ಎಂದು ತೀರ್ಮಾನಿಸುವ ಅವಧಿ ಕ್ಯೂಎಂಕೆಯಲ್ಲಿ ಬೇರೆ ಏನೂ ಹೇಳದಿದ್ದರೆ 200 ಮಿಲಿಸೆಕೆಂಡ್. ಅದನ್ನು ಹೆಚ್ಚಿಸಿದರೆ ಮುಗಿಯಿತು. ಆದರೆ ಕೀಲಿಗಳನ್ನು ಅದಲುಬದಲು ಮಾಡುವ ‘ವಿಯಾ’ ತಂತ್ರಾಂಶದಲ್ಲಿ ಈ ಕೀಬೋರ್ಡಿಗೆ ಆ ಅಂಕಿಯೇ ಕಾಣಲಿಲ್ಲ. ಸೋರ್ಸ್‌ನಲ್ಲಿ ಒಂದು ಸಾಲು ಬದಲಿಸಿ ಕಂಪೈಲ್ ಮಾಡಬೇಕು, ಅಂದರೆ ಅದರಿಂದ ಹೊಸ ಫರ್ಮ್‌ವೇರ್ ಕಟ್ಟಬೇಕು. ಎಫ್‌ನಿಂದ ಶಿಫ್ಟನ್ನೇ ಕಿತ್ತುಹಾಕಬಹುದಿತ್ತು ನಿಜ, ಆಗ ಕಿರುಬೆರಳಿನ ನೋವಿಗೆಂದು ಸುರಿದ ಹಣಕ್ಕೆ ಅರ್ಥವೇನು?

ಸೋರ್ಸ್ ಕೇಳಿದೆ. ‘ಅದು ಕಂಪನಿಯ ಗುಟ್ಟು ಸರ್’ ಎಂದರು. ಕ್ಯೂಎಂಕೆ ಇರುವುದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಲ್ಲಿ. ಅದರಿಂದ ಕಟ್ಟಿದ ಫರ್ಮ್‌ವೇರನ್ನು ಕೀಬೋರ್ಡಿನೊಳಗಿಟ್ಟು ಮಾರಿದವರು, ಕೊಂಡವನು ಕೇಳಿದಾಗ ಸೋರ್ಸ್ ಕೊಡಲೇಬೇಕು. ಇದು ದಾಕ್ಷಿಣ್ಯದ ಮಾತಲ್ಲ, ಪರವಾನಗಿಯ ಷರತ್ತು. ಈ ಷರತ್ತು ಮುರಿದವರ ಪಟ್ಟಿಯನ್ನೇ ಕ್ಯೂಎಂಕೆ ತನ್ನ ದಾಖಲೆಗಳಲ್ಲಿ ಪ್ರಕಟಿಸಿದೆ ಎಂದರೆ ಈ ಚಾಳಿ ಎಷ್ಟು ಬೆಳೆದಿದೆ ನೋಡಿ. ನಾನು ಇದನ್ನೆಲ್ಲ ಬರೆದು ಕಳಿಸಿದ ಮೇಲೆ ಅವರಿಂದ ಸೋರ್ಸ್ ಬರಲಿಲ್ಲ, ‘ಸಮಯ ಹೆಚ್ಚಿಸಿದ ಹೊಸ ಫರ್ಮ್‌ವೇರ್’ ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದು ಫೈಲ್ ಬಂತು.

ಅದು ಬೇರೆ ಆವೃತ್ತಿಯ ಬೋರ್ಡಿಗೆ ಸೇರಿದ್ದು. ಫರ್ಮ್‌ವೇರ್ ತುಂಬುವ ಅವರದೇ ಲೋಡರ್‌ನಿಂದ ಹಾಕಿದ ಕೂಡಲೇ ಬಲಭಾಗ ಮೌನವಾಯಿತು, ಎಡಭಾಗದಲ್ಲಿ ‘ಎ’ ಒತ್ತಿದರೆ 4 ಮೂಡುತ್ತದೆ. ಹಳೆಯ ಫೈಲ್ ಕೇಳಿದರೆ ‘ನಮ್ಮಲ್ಲಿಲ್ಲ’. ವಾರಂಟಿ ಕೇಳಿದರೆ ‘ಫರ್ಮ್‌ವೇರ್ ಬದಲಿಸಿದ್ದೀರಿ, ಅನ್ವಯಿಸದು’. ಬದಲಿಸಲು ಹೇಳಿದವರೂ ಅವರೇ! ಪರಿಚಯದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಬೋರ್ಡ್ ಬಿಚ್ಚಿ, ಮಲ್ಟಿಮೀಟರ್ ಹಿಡಿದು ಯಾವ ಕೀಲಿ ಯಾವ ಪಿನ್ನಿಗೆ ಎಂದು ಗುರುತಿಸತೊಡಗಿದ. ಎಡಭಾಗದ ನಕ್ಷೆ ಸಿಕ್ಕಿತು. ರೇಡಿಯೊ ಭಾಗದ ಬಳಿ ಬಂದು ಕೈಚೆಲ್ಲಿದ.

ಕೊಳ್ಳುವ ಮೊದಲು ಕ್ಯೂಎಂಕೆಯ ಸೋರ್ಸ್ ಇರುವ ಆನ್‌ಲೈನ್ ಭಂಡಾರದ ‘ಕೀಬೋರ್ಡ್ಸ್’ ಫೋಲ್ಡರ್ ತೆರೆದು, ನಿಮಗೆ ಬೇಕಾದ ಮಾದರಿ ಅದೇ ಹೆಸರು, ಅದೇ ಆವೃತ್ತಿಯಲ್ಲಿ ಇದೆಯೇ ನೋಡಿ. ‘ವಿಯಾದಲ್ಲಿ ಕೆಲಸ ಮಾಡುತ್ತದೆ’ ಎಂಬುದಕ್ಕೂ ಸೋರ್ಸ್ ಇರುವುದಕ್ಕೂ ಸಂಬಂಧವಿಲ್ಲ. ವಿಯಾದಂಥದ್ದೇ ‘ವಯಲ್’ ತಂತ್ರಾಂಶ ನಡೆಯುವ ಬೋರ್ಡಾದರೆ ತಟ್ಟಿದ್ದೋ ಹಿಡಿದದ್ದೋ ಎಂಬ ಆ ಅವಧಿಯನ್ನು ಪರದೆಯಲ್ಲೇ ಬದಲಿಸಬಹುದು, ನಮ್ಮ ಕೆಲಸದವರಿಗೆ ಅದು ಹೆಚ್ಚು ಅನುಕೂಲ. ತಂತಿಯಿಲ್ಲದ್ದೇ ಬೇಕೆಂದರೆ ಅದಕ್ಕೆಂದೇ ಹುಟ್ಟಿದ ಇನ್ನೊಂದು ಮುಕ್ತ ಫರ್ಮ್‌ವೇರ್ ಝಡ್‌ಎಂಕೆ ಇದೆ. ಆದರೆ ಅದು ಎಂಐಟಿ ಪರವಾನಗಿಯದ್ದು, ಮಾರುವವರು ತಮ್ಮ ಬದಲಾವಣೆಗಳನ್ನು ಕೊಡಲೇಬೇಕೆಂದಿಲ್ಲ. ಹಾಗಾಗಿ ಬೋರ್ಡಿನ ಕಾನ್ಫಿಗ್ (ಕೀಲಿ, ಪಿನ್ನುಗಳ ಹೊಂದಾಣಿಕೆಯ) ಫೈಲುಗಳ ಕೊಂಡಿಯನ್ನು ಮೊದಲೇ ತರಿಸಿಕೊಳ್ಳಿ.

ಮಾರಾಟಗಾರರು ಈಗ ‘ಮುಂದಿನ ಖರೀದಿಗೆ ರಿಯಾಯಿತಿ’ ಎನ್ನುತ್ತಿದ್ದಾರೆ. ಸಂದೇಶಗಳ ಪ್ರತಿ, ರಸೀದಿ, ಪೆಟ್ಟಿಗೆಯ ಫೋಟೊ ಜೋಡಿಸಿ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಕೊಟ್ಟಿದ್ದೇನೆ. ಇಂಥದ್ದೇ ಬೋರ್ಡ್ ನಿಮ್ಮಲ್ಲಿದ್ದು ಸರಿಯಾಗಿ ನಡೆಯುತ್ತಿದ್ದರೆ, ವಾಟ್ಸ್ಆ್ಯಪ್‌ನಲ್ಲಿ ಬರುವ ಯಾವ ಫೈಲನ್ನೂ ಹಾಕಬೇಡಿ. ರೀಸೆಟ್ ಮಾಡಿದಾಗ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುವ ಕೆಲವು ಬೋರ್ಡುಗಳಲ್ಲಿ ‘ಕರೆಂಟ್.ಯುಎಫ್2’ ಎಂಬ ಫೈಲ್ ಕಾಣುತ್ತದೆ. ಈಗ ಓಡುತ್ತಿರುವ ಫರ್ಮ್‌ವೇರ್ ಅದೇ. ಮೊದಲು ಅದನ್ನು ಕಂಪ್ಯೂಟರಿಗೆ ನಕಲಿಸಿಟ್ಟುಕೊಳ್ಳಿ.