ಅಜ್ಜಯ್ಯನ ಆಲ್ಬಮ್, ಒಂದು ಕ್ಯಾಸೆಟ್, ದುರ್ಗಿಗುಡಿಯ ಸ್ಟುಡಿಯೋ

ಹಳೇ ಫೋಟೋ, ಕ್ಯಾಸೆಟ್ ಎಲ್ಲ ಕಂಪ್ಯೂಟರಿಗೆ ಹಾಕಿಕೊಡುವವರು ಶಿವಮೊಗ್ಗದಲ್ಲಿ ಯಾರಾದರೂ ಇದ್ದಾರಾ ಅಂತ ಮೂರು ತಿಂಗಳು ಕಂಡಕಂಡವರನ್ನು ಕೇಳಿದ್ದೆ. ಇದ್ದಾರೆ. ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ, ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಸಣ್ಣ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋ, ಒಳಗಿನ ಕೋಣೆಯಲ್ಲಿ ಈ ಕೆಲಸ. ಹೆಸರು ಬರೆಯಲಾ ಅಂದಿದ್ದಕ್ಕೆ, "ಬ್ಯಾಡ ಮಾರಾಯ್ರೆ, ಇರೋ ಕೆಲಸನೇ ಮುಗೀತಿಲ್ಲ" ಅಂದರು. ಹಾಗಾಗಿ ಅಂಗಡಿಯ ಹೆಸರಿಲ್ಲದೆ ಬರೆಯುತ್ತಿದ್ದೇನೆ.

ನಾನು ಒಯ್ದದ್ದು ಅಜ್ಜಯ್ಯನ ಟ್ರಂಕಿನಲ್ಲಿದ್ದ ಸಾಮಾನು. ಕಪ್ಪು ಹಾಳೆಯ ಆಲ್ಬಮ್, ವಾಯುಪಡೆಯ ಬಿಡುಗಡೆ ಪತ್ರ, 1971ರ ಯುದ್ಧದ ಸಂಗ್ರಾಮ ಪದಕ, ಒಂದು ಕ್ಯಾಸೆಟ್. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಅವರು ವಿಮಾನದ ಅಜ್ಜಯ್ಯ. ವಾಯುಪಡೆಯಲ್ಲಿದ್ದರು ಅಂದಮೇಲೆ ವಿಮಾನ ಓಡಿಸಿಯೇ ಇರಬೇಕು ಅಂತ ಊರಿನವರ ನಂಬಿಕೆ. ಅವರು ವೈರ್‌ಲೆಸ್ ರಿಪೇರಿಯವರು. ಜಾಲಹಳ್ಳಿಯಲ್ಲಿ ಕಲಿತು, ಅಸ್ಸಾಮಿನ ಜೋರ್ಹಾಟ್‌ಗೆ ಹೋಗಿ, ಡಕೋಟಾ ವಿಮಾನಗಳ ರೇಡಿಯೋ ನೋಡಿಕೊಳ್ಳುತ್ತಿದ್ದರು. "ಓಡಿಸೋರಿಗೆ ಕಿವಿ ಕೊಡ್ತಿದ್ದವನು ನಾನು" ಅನ್ನುತ್ತಿದ್ದರು.

ಮೊದಲು ಒಂದು ಹೊಟ್ಟೆಉರಿ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಬೇರೊಂದು ಕಡೆ ಬಿಡುಗಡೆ ಪತ್ರದ ಜೆರಾಕ್ಸ್ ಮಾಡಿಸಲು ಕೊಟ್ಟಿದ್ದೆ. ಹಾಳಾಗಬಾರದು ಅಂತ ಅವರಾಗಿಯೇ ಲ್ಯಾಮಿನೇಶನ್ ಮಾಡಿಕೊಟ್ಟರು. ಉಪಕಾರ ಅಂದುಕೊಂಡು ಮೂವತ್ತು ರೂಪಾಯಿ ಜಾಸ್ತಿಯೂ ಕೊಟ್ಟೆ. ನಮ್ಮ ಮಳೆಗಾಲದ ಪಸೆ ಪ್ಲಾಸ್ಟಿಕ್ ಒಳಗೇ ಸಿಕ್ಕಿಕೊಂಡು ಈಗ ಕಾಗದದ ಮೇಲೆ ಕಂದು ಚುಕ್ಕೆ ಎದ್ದಿದೆ. ಬಿಚ್ಚಿದರೆ ಅಕ್ಷರವೇ ಕಿತ್ತು ಬರುತ್ತದೆ. ಸ್ಟುಡಿಯೋದವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಮುಟ್ಟೋಕೆ ಹೋಗ್ಬೇಡಿ, ಹೀಗೇ ಸ್ಕ್ಯಾನ್ ಮಾಡೋಣ" ಅಂದರು. ಹಳೇ ಕಾಗದ ಇರುವವರು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ.

ಆಲ್ಬಮ್ ಕೆಲಸ ಮಾತ್ರ ಕೂತು ನೋಡಬೇಕು. ಮೂಲೆಗೆ ಸಿಕ್ಕಿಸಿದ್ದ ಫೋಟೋಗಳನ್ನು ಒಂದೊಂದೇ ಹೊರಗೆ ತೆಗೆದರು. ಗೋಂದು ಹಚ್ಚಿದ್ದನ್ನು ಎಳೆಯಲೇ ಇಲ್ಲ, ಹಾಳೆ ಸಮೇತ ಸ್ಕ್ಯಾನರ್ ಮೇಲಿಟ್ಟರು. ಬೂಸ್ಟು ಹಿಡಿದದ್ದಕ್ಕೆ ಒಣ ಬ್ರಶ್ ಅಷ್ಟೇ, ನೀರು ಹತ್ತಿರಕ್ಕೂ ತರಲಿಲ್ಲ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆಯಷ್ಟು ಸ್ಪಷ್ಟ. ಟಿಫ್ ಒಂದು ಕಾಪಿ ಇಟ್ಟುಕೊಳ್ಳಲು, ಜೆಪೆಗ್ ಒಂದು ವಾಟ್ಸಾಪ್‌ನಲ್ಲಿ ಹಂಚಲು. ಫೋಟೋಕ್ಕೆ ಇಪ್ಪತ್ತು ರೂಪಾಯಿ.

ಆಮೇಲೆ ಅವರು ಪ್ರತಿ ಫೋಟೋವನ್ನು ಮಗುಚಿ ಹಿಂಬದಿಯನ್ನೂ ಸ್ಕ್ಯಾನ್ ಮಾಡಿದರು. ಅದಕ್ಕೆ ದುಡ್ಡಿಲ್ಲ. ನಾವು ಮನೆಯವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಹಿಂಬದಿ ನೋಡಿರಲಿಲ್ಲ! ಡಕೋಟಾದ ರೆಕ್ಕೆಯ ಕೆಳಗೆ ಐದು ಹುಡುಗರು ನಿಂತು ನಗುತ್ತಿರುವ ಫೋಟೋ ನಮ್ಮ ಜಗಲಿಯಲ್ಲಿ ಎಷ್ಟೋ ಕೈ ದಾಟಿದೆ. ಹಿಂದೆ ಪೆನ್ಸಿಲ್ಲಿನಲ್ಲಿ ಅಜ್ಜಯ್ಯನ ಅಕ್ಷರ: "ಜೋರ್ಹಾಟ್. ಮನೆಯಿಂದ ಅಡಿಕೆ ಬಂದ ದಿನ." ಸರಿಯಾಗಿ ನೋಡಿದರೆ ಐದರಲ್ಲಿ ಮೂವರ ಕೆನ್ನೆ ಉಬ್ಬಿದೆ. ಪದಕದ ಅಂಚಿನಲ್ಲಿ ಅವರ ಹೆಸರು, ನಂಬರ್ ಕೊರೆದಿದೆ ಅಂತ ಗೊತ್ತಾದದ್ದೂ ಇಲ್ಲೇ. ಅದನ್ನು ತಿರುಗಿಸಿ ತಿರುಗಿಸಿ ನಾಲ್ಕು ಫೋಟೋ ತೆಗೆದುಕೊಟ್ಟರು.

ಇಷ್ಟೆಲ್ಲ ಯಾಕೆ ಅಂತ ನಮ್ಮ ಚಿಕ್ಕಪ್ಪ ಕೇಳಿದರು, ಅವರೇನು ಯುದ್ಧ ಗೆದ್ದವರಾ ಅಂತ. ನಾನು ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯನವರ ವಿಷಯ ಹೇಳಿದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಹಳೇ ಮಿಸ್ಟೇರ್ ವಿಮಾನದಿಂದ ಅವರು ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವನ್ನೇ ಕೆಡವಿದ್ದರು ಅಂತ ಇಲ್ಲಿ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು, ಅದೂ ಒಬ್ಬ ಇಂಗ್ಲಿಷಿನವ ಆ ಕಡೆಯ ಲೆಕ್ಕ ಕೆದಕಿದ ಮೇಲೆ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಂಥವರ ಕಥೆಯೇ ತಪ್ಪಿಹೋಗುತ್ತಿತ್ತು. ರೇಡಿಯೋ ರಿಪೇರಿಯವನದ್ದನ್ನು ಮನೆಯವರು ಬಿಟ್ಟರೆ ಇನ್ಯಾರು ಇಟ್ಟುಕೊಳ್ಳುತ್ತಾರೆ? ಚಿಕ್ಕಪ್ಪ ಹೂಂ ಅಂದರು. ಒಪ್ಪಿದರೋ ಇಲ್ಲವೋ, ಅರ್ಧ ದುಡ್ಡು ಕೊಟ್ಟರು.

ಇನ್ನು ಕ್ಯಾಸೆಟ್. 1995ರ ದೀಪಾವಳಿಯಲ್ಲಿ ಅತ್ತೆ ಟೂ ಇನ್ ಒನ್ (ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇರುವ ಪೆಟ್ಟಿಗೆ) ಇಟ್ಟು ಅಜ್ಜಯ್ಯನನ್ನು ಮಾತಾಡಿಸಿದ್ದು. ಟೇಪನ್ನು ಒತ್ತಿ ಹಿಡಿಯುವ ಒಳಗಿನ ಸಣ್ಣ ಮೆತ್ತೆ ಉದುರಿಹೋಗಿತ್ತು. ಸ್ಟುಡಿಯೋದವರು ಐದು ಸ್ಕ್ರೂ ಬಿಚ್ಚಿ, ಎರಡೂ ಸುರುಳಿ ಎತ್ತಿ, ಬೇರೆ ಕ್ಯಾಸೆಟ್ಟಿನ ಡಬ್ಬಿಯೊಳಗೆ ಕೂರಿಸಿದರು. ಉಸಿರು ಬಿಗಿಹಿಡಿದು ನೋಡಿದೆ. ನಂತರ ಹಾಕಿದರೆ, ಹಂಚಿನ ಮೇಲೆ ಮಳೆ. ಅದರೊಳಗಿಂದ ಅಜ್ಜಯ್ಯ.

1971ರ ಡಿಸೆಂಬರ್ 11ರ ಮಾತು. ಆಗಿನ ಪೂರ್ವ ಪಾಕಿಸ್ತಾನದ ಟಾಂಗೈಲ್‌ನಲ್ಲಿ ನಮ್ಮ ಪ್ಯಾರಾಶೂಟ್ ಪಡೆ ಇಳಿಸಿದ ದಿನ. ದಮ್‌ದಮ್, ಕಲೈಕುಂಡಾ ವಿಮಾನನೆಲೆಗಳಿಂದ ಡಕೋಟಾ, ಪ್ಯಾಕೆಟ್, ಕ್ಯಾರಿಬೂ ವಿಮಾನ ಎಲ್ಲ ಹೊರಟಿದ್ದವು. ಐದು ದಿನಕ್ಕೆ ಢಾಕಾ ಶರಣಾಯಿತು ಅನ್ನುವುದು ಎಲ್ಲರಿಗೂ ಗೊತ್ತು. ಅಜ್ಜಯ್ಯ ಹೇಳುವುದು ರನ್‌ವೇ ಪಕ್ಕದ ಕಥೆ. "ಹೋಗುವಾಗ ಎಣಿಸಿದ್ದೆ. ಕತ್ತಲಾಯ್ತು. ವಾಪಸ್ ಬರುವಾಗಲೂ ಎಣಿಸ್ತಾ ನಿಂತೆ. ಒಂದು, ಎರಡು, ಮೂರು..."

ಅಲ್ಲಿಗೆ ಟಕ್ ಅಂತ ಒಂದು ಸದ್ದು. ಆಮೇಲೆ ಅಜಯ್ ಜಡೇಜಾ ವಕಾರ್ ಯೂನಿಸ್‌ಗೆ ಹೊಡೆಯುತ್ತಿದ್ದಾನೆ. ಜನ ಕೂಗುತ್ತಿದ್ದಾರೆ. 1996ರ ಮಾರ್ಚ್ 9, ಬೆಂಗಳೂರು, ವಿಶ್ವಕಪ್ ಕ್ವಾರ್ಟರ್ ಫೈನಲ್.

ಅಳಿಸಿಹೋದದ್ದು ವಾಪಸ್ ಬರುತ್ತದಾ ಅಂತ ಕೇಳಿದೆ. ಹೊಸದು ತುಂಬುವ ಮೊದಲೇ ಹಳೇದನ್ನು ಅಳಿಸುವ ಹೆಡ್ ಇರುತ್ತದೆ, ಬರಲ್ಲ ಅಂದರು. ನೋಡೋಣ, ಪ್ರಯತ್ನ ಮಾಡೋಣ ಅಂತ ಆಸೆ ತೋರಿಸಿ ದುಡ್ಡು ಕೇಳಬಹುದಿತ್ತು, ಕೇಳಲಿಲ್ಲ. ಆಮೇಲೆ ಖಾಲಿ ಡಬ್ಬಿ ತಿರುಗಿಸಿ ತೋರಿಸಿದರು. ಮೇಲೆ ರೆಕಾರ್ಡ್ ಆಗದಂತೆ ಮುರಿಯುವ ಎರಡು ಪ್ಲಾಸ್ಟಿಕ್ ಚೂರು ಇರುತ್ತವಲ್ಲ, ಎರಡನ್ನೂ ನೀಟಾಗಿ ಮುರಿಯಲಾಗಿತ್ತು. ಅಜ್ಜಯ್ಯನದೇ ಕೆಲಸ, ರೇಡಿಯೋದವರಲ್ವಾ. ಒಂದು ತೂತಿನ ಮೇಲೆ ಹಳದಿಯಾದ ಸೆಲ್ಲೋಟೇಪ್ ಇತ್ತು. ತೂತು ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಅದನ್ನು ಹಚ್ಚಿದ್ದು ನಾನು. ಆಗ ನನಗೆ ಹನ್ನೊಂದು ವರ್ಷ. ಅಂಗಡಿಯವರಿಗೆ ಹೇಳಲಿಲ್ಲ.

ದೂರುಗಳೂ ಇವೆ. ಎಂಟು ದಿನ ಅಂದದ್ದು ಇಪ್ಪತ್ತಮೂರು ದಿನವಾಯಿತು. ಫೋನ್ ಎತ್ತುವುದಿಲ್ಲ. ಫೈಲುಗಳಿಗೆ ಬರೀ ನಂಬರ್, ಹೆಸರಿಡಲು ಎರಡು ರಾತ್ರಿ ಕೂತೆ. ಮಳೆ ಸದ್ದು ತೆಗೆದ ಇನ್ನೊಂದು ಕಾಪಿಯನ್ನೂ ಕೊಟ್ಟರು. ಅದರಲ್ಲಿ ಅಜ್ಜಯ್ಯ ಬಾವಿಯೊಳಗೆ ಕೂತು ಮಾತಾಡಿದ ಹಾಗಿದೆ, ಸುಮ್ನೆ ದಂಡ. ಬೈಕ್ ನಿಲ್ಲಿಸಲು ಜಾಗವಿಲ್ಲ. ಆದರೂ ಐದು ಸ್ಟಾರ್‌ಗೆ ನಾಲ್ಕೂವರೆ ಕೊಡುತ್ತೇನೆ.

ಅದೇ ದೀಪಾವಳಿಯ ಇನ್ನೊಂದು ಕ್ಯಾಸೆಟ್ ಅತ್ತೆಯ ಮನೆಯಲ್ಲಿ ಇದೆಯಂತೆ, ಸಾಗರದಲ್ಲಿ. ಮುಂದಿನ ಭಾನುವಾರ ಹೋಗಿ ತರಬೇಕು. ಮೇಲಿನ ಚೂರು ಮುರಿದಿದೆಯಾ, ಟೇಪ್ ಏನಾದರೂ ಅಂಟಿಸಿದ್ದಾರಾ ನೋಡಿ ಅತ್ತೆ ಅಂತ ಫೋನಿನಲ್ಲೇ ಕೇಳಿದೆ. "ಎಂತ ಚೂರ ಮಾರಾಯ, ಬಂದು ನೀನೇ ನೋಡ್ಕೋ" ಅಂದರು.